ವಿಡಿಯೋ ಭೇಟಿ: ತೆರೆಯ ಈ ತುದಿಯಲ್ಲೂ ಒಬ್ಬರಿರಲಿ

ಅಥಣಿಯಿಂದ ಜಿಲ್ಲಾ ಕೇಂದ್ರ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹೈಕೋರ್ಟ್ ಪೀಠವಿರುವ ಧಾರವಾಡ ಅದಕ್ಕಿಂತಲೂ ಆಚೆ. ಕೃಷ್ಣಾ ತೀರದ ಹಳ್ಳಿಯೊಂದರ ವೃದ್ಧೆ ವಕೀಲರನ್ನು ಕಂಡು ಮರಳಬೇಕಾದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜತೆಗೆ ಬರುವವರ ಕೂಲಿ ಎಲ್ಲವನ್ನೂ ಕಳೆದುಕೊಳ್ಳಬೇಕು. 2005 ಮತ್ತು 2019ರ ಪ್ರವಾಹಗಳಲ್ಲಿ ಆದಂತೆ ನದಿ ಉಕ್ಕಿದರೆ ಊರು ದಾಟುವುದೇ ಕಷ್ಟ. ಇಂಥವರಿಗೆ ಅಂತರ್ಜಾಲದ ಮೂಲಕ ನಡೆಯುವ ವಿಡಿಯೋ ಭೇಟಿ ವರದಾನವಾಗಬೇಕಿತ್ತು. ಹಲವರಿಗೆ ಆಗಿದೆ. ಆದರೆ ಯಾರಿಗೆ ಇದರ ಅಗತ್ಯ ಹೆಚ್ಚೋ ಅವರಿಗೇ ಇದು ಎಟುಕುವುದು ಕಡಿಮೆ.

ಕಾರಣ ಸರಳ. ಮೊಬೈಲಿಗೆ ಕೊಂಡಿಯೊಂದನ್ನು ಕಳುಹಿಸಿದ ಮಾತ್ರಕ್ಕೆ ಭೇಟಿ ಏರ್ಪಟ್ಟಂತೆ ಅಲ್ಲ. ಕರ್ನಾಟಕದಲ್ಲಿ ವಿಡಿಯೋ ಮೂಲಕ ನಡೆದ ಸೇವೆಗಳ ಇತಿಹಾಸವನ್ನು ಗಮನಿಸಿದರೆ, ಜನರ ಬಳಿಯ ತುದಿಯಲ್ಲೂ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಇರುವ ಏರ್ಪಾಡು ಮೊದಲಿನಿಂದಲೂ ಇತ್ತು. ಆ ವ್ಯಕ್ತಿಯನ್ನು ಕೈಬಿಟ್ಟು ಯಂತ್ರವನ್ನಷ್ಟೇ ಉಳಿಸಿಕೊಂಡಾಗ ದುರ್ಬಲರು ಹೊರಗುಳಿಯುತ್ತಾರೆ.

ಹಿನ್ನೆಲೆ

ರಾಜ್ಯದಲ್ಲಿ ದೂರ ವೈದ್ಯಸೇವೆಗೆ ಎರಡು ದಶಕಗಳಿಗೂ ಮೀರಿದ ಇತಿಹಾಸವಿದೆ. 2002ರಲ್ಲಿ ಇಸ್ರೋದ ಉಪಗ್ರಹ ಸಂಪರ್ಕದ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಹಾಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳೊಡನೆ ಜೋಡಿಸಲಾಯಿತು. ರೋಗಿ ಇದ್ದದ್ದು ತನ್ನ ಮನೆಯಲ್ಲಲ್ಲ, ಹತ್ತಿರದ ಆಸ್ಪತ್ರೆಯಲ್ಲಿ. ಆತನ ಪಕ್ಕದಲ್ಲಿ ಸ್ಥಳೀಯ ವೈದ್ಯರಿದ್ದರು.

ನ್ಯಾಯಾಂಗದಲ್ಲಿ ಈ ಬಾಗಿಲು ತೆರೆದದ್ದು 2003ರಲ್ಲಿ. ಮಹಾರಾಷ್ಟ್ರ ಸರ್ಕಾರ ಮತ್ತು ಡಾ. ಪ್ರಫುಲ್ ಬಿ. ದೇಸಾಯಿ ನಡುವಣ ಪ್ರಕರಣದಲ್ಲಿ, ಅಮೆರಿಕದಲ್ಲಿದ್ದ ವೈದ್ಯರೊಬ್ಬರ ಸಾಕ್ಷ್ಯವನ್ನು ವಿಡಿಯೋ ಕಾನ್ಫರೆನ್ಸಿಂಗ್ ಮೂಲಕ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2020ರ ಕೊರೊನಾ ಕಾಲದಲ್ಲಿ ಅಪವಾದವೇ ನಿಯಮವಾಯಿತು. ಸುಪ್ರೀಂ ಕೋರ್ಟಿನ ಇ-ಸಮಿತಿ ಮಾದರಿ ನಿಯಮಗಳನ್ನು ಸಿದ್ಧಪಡಿಸಿತು. ಕರ್ನಾಟಕ ಹೈಕೋರ್ಟ್ ಕೂಡ ಅದೇ ವರ್ಷ ತನ್ನ ನಿಯಮಗಳನ್ನು ಜಾರಿಗೆ ತಂದಿತು. ಹೈಕೋರ್ಟುಗಳು ಯಾವುದೇ ವಕೀಲರಿಗಾಗಲೀ ಕಕ್ಷಿದಾರರಿಗಾಗಲೀ ವಿಡಿಯೋ ಕಾನ್ಫರೆನ್ಸಿಂಗ್ ಸೌಲಭ್ಯ ನಿರಾಕರಿಸಬಾರದೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಂ ವಿಚಾರಣೆಯನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಲು ಅವಕಾಶ ನೀಡಿದೆ.

ಇ-ಸಮಿತಿಯ ಮಾದರಿ ನಿಯಮಗಳಲ್ಲಿ ಎಲ್ಲರೂ ಗಮನಿಸಬೇಕಾದ ಅಂಶವೊಂದಿದೆ. ನ್ಯಾಯಾಲಯದ ತುದಿಯಲ್ಲಿ ಒಬ್ಬ ಸಮನ್ವಯಾಧಿಕಾರಿ ಇರುವಂತೆಯೇ ದೂರದ ತುದಿಯಲ್ಲೂ ಒಬ್ಬರಿರಬೇಕು. ವ್ಯಕ್ತಿ ಸೆರೆಮನೆಯಲ್ಲಿದ್ದರೆ ಅಲ್ಲಿನ ಅಧೀಕ್ಷಕರು, ಆಸ್ಪತ್ರೆಯಲ್ಲಿದ್ದರೆ ವೈದ್ಯಕೀಯ ಅಧೀಕ್ಷಕರು, ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿದ್ದರೆ ಅದು ನೇಮಿಸಿದವರು ಈ ಹೊಣೆ ಹೊರುತ್ತಾರೆ. ಕಿವುಡರಿಗೆ ಸಂಜ್ಞಾಭಾಷಾ ತಜ್ಞರು, ದೃಷ್ಟಿಹೀನರಿಗೆ ದಾಖಲೆ ಓದಿ ಹೇಳುವವರು, ಬೌದ್ಧಿಕ ವೈಕಲ್ಯವುಳ್ಳವರಿಗೆ ವಿಶೇಷ ಶಿಕ್ಷಕರು ಲಭ್ಯರಿರಬೇಕೆಂದೂ ಅವು ಹೇಳುತ್ತವೆ. ವಕೀಲರ ಕಚೇರಿ, ಆಪ್ತಸಮಾಲೋಚನಾ ಕೇಂದ್ರ, ಬ್ಯಾಂಕ್ ಇವು ನಡೆಸುವ ಭೇಟಿಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಆದರೆ ಅನುಸರಿಸಲು ಅಡ್ಡಿಯೇನೂ ಇಲ್ಲ.

ದುರ್ಬಲರು ಯಾರು?

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಉಚಿತ ಕಾನೂನು ನೆರವಿಗೆ ಅರ್ಹರಾದವರನ್ನು ಪಟ್ಟಿ ಮಾಡಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಮಾನವ ಸಾಗಣೆಗೆ ಬಲಿಯಾದವರು, ಪ್ರವಾಹದಂಥ ವಿಪತ್ತಿನ ಸಂತ್ರಸ್ತರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಇದರಲ್ಲಿ ಸೇರುತ್ತಾರೆ. ಅಥಣಿ ಸೀಮೆಯಲ್ಲಿ ಈ ಪಟ್ಟಿಯ ಬಹುತೇಕ ಎಲ್ಲರೂ ಇದ್ದಾರೆ. ನೆರೆ ಸಂತ್ರಸ್ತರಿದ್ದಾರೆ, ಕಬ್ಬು ಕಡಿಯುವ ವಲಸೆ ಕಾರ್ಮಿಕರಿದ್ದಾರೆ, 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯ ನಂತರವೂ ಆ ಪದ್ಧತಿಯ ಗಾಯ ಹೊತ್ತ ಹಿರಿಯ ಮಹಿಳೆಯರಿದ್ದಾರೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದು, ನ್ಯಾಯ ಪಡೆಯುವ ಹಕ್ಕನ್ನು ಪ್ರತ್ಯೇಕವಾಗಿ ಹೇಳಿದೆ. ಆದರೆ ವಿಡಿಯೋ ಭೇಟಿಯಲ್ಲಿ ದುರ್ಬಲತೆ ಎಂಬುದು ದೇಹಕ್ಕೆ ಸೀಮಿತವಲ್ಲ. ಓದು ಬರಹ ಬಾರದವರು, ಸ್ವಂತ ಮೊಬೈಲ್ ಇಲ್ಲದವರು, ಮನೆಯಲ್ಲಿ ಮುಕ್ತವಾಗಿ ಮಾತನಾಡಲಾಗದವರು, ಅಧಿಕಾರಿಯ ಮುಖ ಕಂಡರೆ ತಡವರಿಸುವವರು ಎಲ್ಲರೂ ಇಲ್ಲಿ ದುರ್ಬಲರೇ.

ಮೊಬೈಲ್ ಯಾರದು, ಕೋಣೆ ಯಾರದು?

2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಹೊಂದಿದ್ದ ಮಹಿಳೆಯರ ಪ್ರಮಾಣ ದೇಶದಲ್ಲಿ ಶೇ 54. ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದ ಮಹಿಳೆಯರು ಶೇ 33, ಪುರುಷರು ಶೇ 57. ಇದರ ಅರ್ಥ ಸ್ಪಷ್ಟ. ಮಹಿಳೆಯೊಬ್ಬರು ಕೊಟ್ಟ ಮೊಬೈಲ್ ಸಂಖ್ಯೆ ಅವರದೇ ಆಗಿರಬೇಕೆಂದಿಲ್ಲ. ಅದು ಪತಿಯದೋ ಮಗನದೋ ನೆರೆಯವರದೋ ಆಗಿರಬಹುದು.

ಪತಿಯ ಹಿಂಸೆಯ ವಿರುದ್ಧ ನೆರವು ಕೋರಿದ ಮಹಿಳೆಗೆ ಪತಿಯ ಮೊಬೈಲಿಗೇ ಕೊಂಡಿ ತಲುಪಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಗೋಡೆಗೂ ಕಿವಿಯುಂಟು ಎಂಬ ಮಾತು ಒಂದೇ ಕೋಣೆಯ ಮನೆಯಲ್ಲಿ ಅಕ್ಷರಶಃ ನಿಜ. ಆದ್ದರಿಂದ ಮೊದಲ ಕರೆ ಧ್ವನಿ ಕರೆಯಾಗಿರಬೇಕು, ಅದರಲ್ಲಿ ವಿಷಯ ಬಿಚ್ಚಬಾರದು. ಈಗ ಮಾತನಾಡಬಹುದೇ, ಈ ಸಂಖ್ಯೆ ಯಾರದು, ಯಾವ ವೇಳೆ ಅನುಕೂಲ ಎಂಬಷ್ಟನ್ನೇ, ಹೌದು ಇಲ್ಲ ಎಂದು ಉತ್ತರಿಸಬಹುದಾದ ರೀತಿಯಲ್ಲಿ ಕೇಳಬೇಕು. ತೊಂದರೆ ಎದುರಾದಾಗ ಹೇಳಬೇಕಾದ ಸಾಧಾರಣ ಮಾತೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಆ ಮಾತು ಕೇಳಿದೊಡನೆ ಸಂಭಾಷಣೆಯನ್ನು ಬೇರೆ ವಿಷಯಕ್ಕೆ ತಿರುಗಿಸಬಹುದು.

ಗಡಿ ತಾಲ್ಲೂಕಾದ ಅಥಣಿಗೆ ಇನ್ನೊಂದು ತೊಡಕಿದೆ. ಸಾಂಗಲಿ, ಮಿರಜ, ಜತ್ತ ಕಡೆಯ ಊರುಗಳೊಡನೆ ಹೆಣ್ಣು ಕೊಟ್ಟು ತರುವ ಸಂಬಂಧ ಇಲ್ಲಿ ಸಾಮಾನ್ಯ. ಪತಿ ಮಹಾರಾಷ್ಟ್ರದಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದರೆ, ಆ ಪ್ರಕರಣವನ್ನು ಕರ್ನಾಟಕಕ್ಕೆ ವರ್ಗಾಯಿಸಲು ಪತ್ನಿ ಸುಪ್ರೀಂ ಕೋರ್ಟಿಗೇ ಹೋಗಬೇಕು. ಇಂಥ ವರ್ಗಾವಣೆಗೆ ಬದಲಾಗಿ ವಿಡಿಯೋ ಕಾನ್ಫರೆನ್ಸಿಂಗ್ ಸಾಕೆಂದು 2017ರ ಮಾರ್ಚ್‌ನಲ್ಲಿ ಕೃಷ್ಣವೇಣಿ ನಾಗಂ ಪ್ರಕರಣದಲ್ಲಿ ಹೇಳಲಾಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಾಂತಿನಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ 2-1ರ ಬಹುಮತದಿಂದ ಇದನ್ನು ತಿದ್ದಿತು. ರಾಜಿ ಸಂಧಾನದ ಹಂತದಲ್ಲಿ ಗೋಪ್ಯತೆ ಮುಖ್ಯವಾದ್ದರಿಂದ ವಿಡಿಯೋ ಸಲ್ಲದು, ಸಂಧಾನ ವಿಫಲವಾದ ಮೇಲೆ ಉಭಯರೂ ಒಪ್ಪಿದರೆ ಬಳಸಬಹುದು ಎಂಬುದು ಬಹುಮತದ ನಿಲುವು. ಪ್ರಯಾಣದ ಹೊರೆ ತಗ್ಗಿಸುವ ವಿಡಿಯೋವನ್ನು ನಿರ್ಬಂಧಿಸಬಾರದೆಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಭಿನ್ನಮತ ದಾಖಲಿಸಿದರು. ಸಾಂಕ್ರಾಮಿಕದ ಕಾಲದಲ್ಲಿ ಸಡಿಲಿಕೆಗಳಾದವಾದರೂ ಆ ತೀರ್ಪು ಎತ್ತಿದ ಪ್ರಶ್ನೆ ಇಂದಿಗೂ ಉಳಿದಿದೆ. ಅನುಕೂಲವೋ ಗೋಪ್ಯತೆಯೋ ಎಂಬ ಆಯ್ಕೆ ಸಂಬಂಧಪಟ್ಟ ವ್ಯಕ್ತಿಯದಾಗಬೇಕು, ವ್ಯವಸ್ಥೆಯದಲ್ಲ.

ಸಹಾಯಕರು ಎಲ್ಲಿ ನಿಲ್ಲಬೇಕು?

ಮೊಬೈಲ್ ಬಳಸಲು ಬಾರದವರಿಗೆ ಒಬ್ಬ ಸಹಾಯಕರು ಬೇಕು. ಆದರೆ ಸಹಾಯಕರೇ ಗೋಪ್ಯತೆಗೆ ತೊಡಕಾಗಬಾರದು. ವಕೀಲರು ಮತ್ತು ಕಕ್ಷಿದಾರರ ನಡುವಣ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೇ ಕಲಂ ರಕ್ಷಣೆ ನೀಡುತ್ತದೆ. ಇದೇ ಕಟ್ಟುಪಾಡು ದುಭಾಷಿಗಳಿಗೂ ವಕೀಲರ ಗುಮಾಸ್ತರು ಮತ್ತು ನೌಕರರಿಗೂ ಅನ್ವಯಿಸುತ್ತದೆ. ಪಕ್ಕದಲ್ಲಿ ಕುಳಿತ ಸೋದರಳಿಯನನ್ನಾಗಲೀ ಸೇವಾ ಕೇಂದ್ರದ ನಿರ್ವಾಹಕನನ್ನಾಗಲೀ ಈ ಕಲಂ ಹೆಸರಿಸಿಲ್ಲ.

ಹಾಗಾಗಿ ಸಹಾಯಕರು ಯಂತ್ರ ಜೋಡಿಸಿ, ಧ್ವನಿ ಮತ್ತು ಚಿತ್ರ ಸರಿಯಿದೆಯೇ ಎಂದು ನೋಡಿ ಹೊರಬರಬೇಕು, ಕರೆದರೆ ಒಳಬರುವಷ್ಟು ಹತ್ತಿರವಿರಬೇಕು. ಕೋಣೆಯಲ್ಲಿ ಯಾರಿದ್ದಾರೆಂಬುದನ್ನು ಆರಂಭದಲ್ಲೇ ಎರಡೂ ಕಡೆಯವರು ಹೇಳಬೇಕು. ಮಗನು ತಾಯಿಯ ಪರವಾಗಿ ಉತ್ತರಿಸತೊಡಗಿದರೆ ತಾಯಿಯ ಮಾತನ್ನು ತಾಯಿಯಿಂದಲೇ ಕೇಳಬೇಕೆಂದು ಸೌಜನ್ಯದಿಂದ ತಿಳಿಸಬೇಕು. ಆಸ್ತಿ ವ್ಯಾಜ್ಯಗಳಲ್ಲಿ ಇದು ಅತ್ಯಗತ್ಯ.

ಇಂಥ ಭೇಟಿಗೆ ಸ್ಥಳವೆಲ್ಲಿ ಎಂಬ ಪ್ರಶ್ನೆ ಸಹಜ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ, ಕೌಟುಂಬಿಕ ಹಿಂಸೆಯ ಪ್ರಕರಣಗಳಲ್ಲಿ ಸಂರಕ್ಷಣಾಧಿಕಾರಿಯಾಗಿ ಕಾರ್ಯನಿರ್ವಹಿಸುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇವು ಬಳಸಬಹುದಾದ ತಾಣಗಳು. ಕೇಂದ್ರ ಸರ್ಕಾರದ ಟೆಲಿ-ಲಾ ಯೋಜನೆ 2017ರಿಂದ ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ಗ್ರಾಮಸ್ಥರನ್ನು ವಕೀಲರೊಡನೆ ಸಂಪರ್ಕಿಸುತ್ತಿದೆ. ಎಲ್ಲಿಯೇ ಆದರೂ ಬಾಗಿಲು ಮುಚ್ಚಬಹುದಾದ ಕೋಣೆಯೊಂದು ಇರಬೇಕು.

ಸಂಜ್ಞಾಭಾಷೆಗೆ ಪ್ರತ್ಯೇಕ ಕಿಂಡಿ

ಕಿವುಡರ ವಿಷಯದಲ್ಲಿ ಪಾಠ ಕಲಿಸಿದ ಘಟನೆ ನಡೆದದ್ದು 2023ರ ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಅವರು ಸಂಜ್ಞಾಭಾಷಾ ದುಭಾಷಿಯ ನೆರವಿನೊಡನೆ ವಿಡಿಯೋ ಮೂಲಕ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಪಾಲ್ಗೊಂಡರು. ವಕೀಲೆ ಮತ್ತು ದುಭಾಷಿ ಇಬ್ಬರಿಗೂ ತೆರೆಯ ಮೇಲೆ ಸ್ಥಳ ಕೊಡಲು ನಿಯಂತ್ರಣ ಕೊಠಡಿ ಆರಂಭದಲ್ಲಿ ಹಿಂಜರಿಯಿತು. ಮುಖ್ಯ ನ್ಯಾಯಮೂರ್ತಿಯಾಗಿದ್ದ ಚಂದ್ರಚೂಡ್ ಅವರು ಅನುಮತಿಸಿದ ಬಳಿಕ ತೊಡಕು ನಿವಾರಣೆಯಾಯಿತು. 2024ರ ಏಪ್ರಿಲ್‌ನಲ್ಲಿ ಅವರು ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ವಾದ ಮಂಡಿಸಿದರು.

ವಕೀಲೆಗೇ ಎದುರಾದ ಈ ತೊಡಕು ಸಾಮಾನ್ಯ ಕಕ್ಷಿದಾರರಿಗೆ ಎದುರಾಗದಿರದು. ವಿಡಿಯೋ ಭೇಟಿಯ ತಂತ್ರಾಂಶಗಳು ಸಾಮಾನ್ಯವಾಗಿ ಮಾತನಾಡುವವರ ಚಿತ್ರವನ್ನು ಮುಂದೆ ತರುತ್ತವೆ. ಮೌನವಾಗಿ ಕೈಯಾಡಿಸುವವರು ಆಗ ಮರೆಯಾಗುತ್ತಾರೆ. ದುಭಾಷಿಯ ಕಿಂಡಿಯನ್ನು ತೆರೆಯ ಮೇಲೆ ಸ್ಥಿರಗೊಳಿಸಬೇಕು, ಅವರ ಮುಖ ಮತ್ತು ಕೈಗಳೆರಡೂ ಕಾಣುವಂತೆ ಮುಂದಿನಿಂದ ಬೆಳಕು ಬೀಳಬೇಕು. ಒಬ್ಬರ ನಂತರ ಒಬ್ಬರು ಮಾತನಾಡಬೇಕು. ಗ್ರಾಮೀಣ ಕಿವುಡರಲ್ಲಿ ಹಲವರು ಭಾರತೀಯ ಸಂಜ್ಞಾಭಾಷೆಯನ್ನು ಶಾಲೆಯಲ್ಲಿ ಕಲಿತವರಲ್ಲ, ಮನೆಯ ಸನ್ನೆಗಳನ್ನೇ ಬಲ್ಲವರು. ಅಂಥವರಿಗೆ ತರಬೇತಾದ ದುಭಾಷಿಯ ಜತೆ ಮನೆಯ ಸನ್ನೆ ಬಲ್ಲ ನಂಬಿಕಸ್ಥರೊಬ್ಬರು ಬೇಕಾಗಬಹುದು. ಅದು ಸಾಧ್ಯವಾಗದಿದ್ದರೆ ಮುಖತಃ ಭೇಟಿಯೇ ಸರಿ.

ಕನ್ನಡ ಬಲ್ಲವರಿಗೂ ಭಾಷೆಯ ತೊಡಕು ತಪ್ಪಿದ್ದಲ್ಲ. ಮರಾಠಿ ಬೆರೆತ ಗಡಿನಾಡಿನ ಮಾತನ್ನು ಬೆಂಗಳೂರಿನಲ್ಲಿ ಕುಳಿತ ಸಮಾಲೋಚಕರು ತಪ್ಪಾಗಿ ಗ್ರಹಿಸಬಹುದು. ಯಂತ್ರ ತಾನಾಗಿ ಮೂಡಿಸುವ ಅಕ್ಷರ ರೂಪದ ಮೇಲೆ ಮಹತ್ವದ ಸಂಗತಿಗಳನ್ನು ಬಿಡಬಾರದು. ತಾವು ಅರ್ಥಮಾಡಿಕೊಂಡದ್ದನ್ನು ಸೇವೆ ನೀಡುವವರು ಮರಳಿ ಹೇಳಿ ದೃಢಪಡಿಸಿಕೊಳ್ಳಬೇಕು.

ಕಣ್ಣು ಮಿಟುಕಿಸುವ ಷರತ್ತು

ತಂತ್ರಜ್ಞಾನ ತಾನೇ ಗೋಡೆಯಾಗುವುದುಂಟು. ಬ್ಯಾಂಕ್ ಮತ್ತು ದೂರವಾಣಿ ಸೇವೆಗಳ ಗುರುತು ಪರಿಶೀಲನೆಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕೆಂಬ ಷರತ್ತು ಆಸಿಡ್ ದಾಳಿಯ ಸಂತ್ರಸ್ತರನ್ನೂ ದೃಷ್ಟಿಹೀನರನ್ನೂ ಹೊರಗಿಟ್ಟಿತ್ತು. ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಹೇಳಿದ ಜೀವಿಸುವ ಹಕ್ಕಿನ ಭಾಗವೆಂದು ಸಾರಿ, ಪರ್ಯಾಯ ವಿಧಾನಗಳನ್ನು ಒದಗಿಸುವುದೂ ಸೇರಿದಂತೆ 20 ನಿರ್ದೇಶನಗಳನ್ನು ನೀಡಿತು.

ದೃಷ್ಟಿಹೀನರೊಡನೆ ನಡೆಯುವ ಭೇಟಿಯಲ್ಲಿ ತೆರೆಯ ಮೇಲೆ ದಾಖಲೆ ತೋರಿಸಿ ಇದನ್ನು ನೋಡಿ ಎಂದರೆ ಅದು ವ್ಯರ್ಥ. ತೆರೆ ಓದುವ ತಂತ್ರಾಂಶಗಳು ಚಿತ್ರರೂಪದ ಪುಟವನ್ನು ಸಾಮಾನ್ಯವಾಗಿ ಓದಲಾರವು. ದಾಖಲೆಯನ್ನು ಅಕ್ಷರ ರೂಪದಲ್ಲಿ ಮುಂಚಿತವಾಗಿ ಕಳುಹಿಸಬೇಕು, ಇಲ್ಲವೇ ಪೂರ್ತಿ ಓದಿ ಹೇಳಬೇಕು. ಮಾತನಾಡುವ ಪ್ರತಿಯೊಬ್ಬರೂ ಮೊದಲು ತಮ್ಮ ಹೆಸರು ಹೇಳಬೇಕು.

ಮನಸ್ಸಿನ ಚಿಕಿತ್ಸೆ, ಮಕ್ಕಳ ಸಾಕ್ಷ್ಯ

ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಎರಡು ವರ್ಷಗಳ ಬಳಿಕ, 2024ರ ವಿಶ್ವ ಮಾನಸಿಕ ಆರೋಗ್ಯ ದಿನದಂದು, ಇದಕ್ಕೆ ವಿಡಿಯೋ ಸೌಲಭ್ಯ ಸೇರಿಸಿದಾಗ ಮೊದಲ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿ ಅನುಸರಿಸಿದ ಕ್ರಮ ಗಮನಾರ್ಹ. ಮೊದಲು ಧ್ವನಿ ಕರೆ, ಅಗತ್ಯ ಕಂಡರೆ ವಿಡಿಯೋ. ಮುಖ ತೋರಿಸಲು ಅಂಜುವವರಿಗೆ ಇದರಿಂದ ಧೈರ್ಯ ಬರುತ್ತದೆ.

2020ರ ಮಾರ್ಚ್ 25ರಂದು ಪ್ರಕಟವಾದ ದೂರ ವೈದ್ಯಸೇವೆಯ ಮಾರ್ಗಸೂಚಿಯ ಪ್ರಕಾರ, ರೋಗಿ ತಾನಾಗಿ ಕರೆ ಮಾಡಿದರೆ ಸಮ್ಮತಿ ಇದೆಯೆಂದು ಭಾವಿಸಬಹುದು. ವೈದ್ಯರು ಅಥವಾ ಆರೋಗ್ಯ ಕಾರ್ಯಕರ್ತರು ಆರಂಭಿಸಿದರೆ ಸ್ಪಷ್ಟ ಸಮ್ಮತಿ ಪಡೆಯಬೇಕು. ಯಾವ ಹಂತದಲ್ಲಾದರೂ ನಿಲ್ಲಿಸಿ ಮುಖತಃ ಭೇಟಿ ಕೋರುವ ಹಕ್ಕು ರೋಗಿಗಿದೆ. ಇ-ಸಂಜೀವಿನಿ ಸೇವೆಯ ಒಂದು ವಿಧಾನದಲ್ಲಿ ಗ್ರಾಮದ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ರೋಗಿಯ ಪಕ್ಕದಲ್ಲಿದ್ದೇ ದೂರದ ವೈದ್ಯರನ್ನು ಸಂಪರ್ಕಿಸುತ್ತಾರೆ. 2002ರ ಚಾಮರಾಜನಗರದ ಪಾಠ ಇಲ್ಲಿ ಮರಳಿ ಬಂದಿದೆ.

ಮಕ್ಕಳ ವಿಷಯದಲ್ಲಿ ತೆರೆ ರಕ್ಷಾಕವಚವೂ ಆಗಬಲ್ಲದು. ಸಾಕ್ಷ್ಯ ನುಡಿಯುವಾಗ ಮಗು ಆರೋಪಿಯನ್ನು ಕಾಣದಂತೆ ವಿಡಿಯೋ ಮುಂತಾದ ವಿಧಾನ ಬಳಸಲು 2012ರ ಪೋಕ್ಸೊ ಕಾಯ್ದೆಯ 36ನೇ ಕಲಂ ಅವಕಾಶ ನೀಡಿದೆ. 2022ರ ಜನವರಿಯಲ್ಲಿ ಸ್ಮೃತಿ ತುಕಾರಾಂ ಬಡಾದೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದುರ್ಬಲ ಸಾಕ್ಷಿಗಳಿಗಾಗಿ ಜಿಲ್ಲೆಗೊಂದಾದರೂ ಪ್ರತ್ಯೇಕ ಕೇಂದ್ರ ಸ್ಥಾಪಿಸಲು ಸೂಚಿಸಿತು. ದುರ್ಬಲ ಸಾಕ್ಷಿ ಎಂಬ ಪದದ ವ್ಯಾಪ್ತಿಯನ್ನು ಮಕ್ಕಳಾಚೆಗೂ, ಲೈಂಗಿಕ ದೌರ್ಜನ್ಯದ ಸಂತ್ರಸ್ತರು, ಮಾನಸಿಕ ಅಸ್ವಸ್ಥರು ಹಾಗೂ ವಾಕ್ ಶ್ರವಣ ದೋಷವುಳ್ಳವರವರೆಗೆ ವಿಸ್ತರಿಸಿತು.

ಕರೆ ಮಾಡಿದವರು ನಿಜವಾದವರೇ?

ಇಷ್ಟೆಲ್ಲ ಸೌಲಭ್ಯದ ನಡುವೆ ಹೊಸ ಭಯವೊಂದು ಸೇರಿಕೊಂಡಿದೆ. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೋ ಕರೆ ಮಾಡಿ, ನೀವು ಡಿಜಿಟಲ್ ಬಂಧನದಲ್ಲಿದ್ದೀರಿ ಎಂದು ಬೆದರಿಸಿ ಹಣ ದೋಚುವ ಜಾಲಗಳು ಹಿರಿಯರನ್ನೇ ಗುರಿಯಾಗಿಸುತ್ತವೆ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಇಂಥ ವಂಚನೆಗೆ ಸಿಲುಕಿದ ವೃದ್ಧ ದಂಪತಿ ಪ್ರಾಣ ಕಳೆದುಕೊಂಡರು. ಡಿಜಿಟಲ್ ಬಂಧನ ಎಂಬುದು ಯಾವ ಕಾನೂನಿನಲ್ಲೂ ಇಲ್ಲ.

ಆದ್ದರಿಂದ ನಿಜವಾದ ಸೇವೆ ನೀಡುವವರೂ ತಮ್ಮ ಗುರುತನ್ನು ಸಾಬೀತುಪಡಿಸಬೇಕಾಗಿದೆ. ಭೇಟಿಯ ದಿನ, ವೇಳೆ ಮತ್ತು ಮಾತನಾಡುವವರ ಹೆಸರನ್ನು ಕಕ್ಷಿದಾರರು ಬಲ್ಲ ಸ್ಥಳೀಯರೊಬ್ಬರ ಮೂಲಕ ಮುಂಚಿತವಾಗಿ ತಿಳಿಸುವುದು ಉತ್ತಮ. ಭೇಟಿಯಲ್ಲಿ ಹಣವನ್ನಾಗಲೀ ಗುಪ್ತ ಸಂಖ್ಯೆಯನ್ನಾಗಲೀ ಕೇಳುವುದಿಲ್ಲವೆಂದು ಮೊದಲೇ ಹೇಳಬೇಕು. ಸಂಶಯ ಬಂದರೆ ಕರೆ ಕಡಿದು ಕಚೇರಿಯ ಸಂಖ್ಯೆಗೆ ತಾವೇ ಕರೆ ಮಾಡುವಂತೆ ತಿಳಿಸಬೇಕು.

ಭದ್ರತೆ ಸಂಸ್ಥೆಗಳಿಗೂ ಅಗತ್ಯ. 2023ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ಕಲಾಪದೊಳಗೆ ನುಸುಳಿ ಅಶ್ಲೀಲ ದೃಶ್ಯ ತೋರಿಸಿದ್ದರಿಂದ ಕರ್ನಾಟಕ ಹೈಕೋರ್ಟ್ ವಿಡಿಯೋ ಕಾನ್ಫರೆನ್ಸಿಂಗ್ ಸೇವೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಬೇಕಾಯಿತು. ಪ್ರತಿ ಭೇಟಿಗೂ ಬೇರೆ ಕೊಂಡಿ, ಒಳಬರುವವರನ್ನು ಪರಿಶೀಲಿಸುವ ನಿರೀಕ್ಷಣಾ ಕೋಣೆ, ಅನುಮತಿಯಿಲ್ಲದೆ ದಾಖಲಿಸದಿರುವುದು ಕನಿಷ್ಠ ಎಚ್ಚರಿಕೆಗಳು.

ಭೇಟಿ ಏರ್ಪಡಿಸುವವರಿಗೆ

* ಮುಖತಃ, ದೂರವಾಣಿ, ವಿಡಿಯೋ ಈ ಮೂರರಲ್ಲಿ ಯಾವುದು ಬೇಕೆಂದು ಮೊದಲು ಕೇಳಬೇಕು.
* ಹಿಂದಿನ ದಿನ ಐದು ನಿಮಿಷದ ಪರೀಕ್ಷಾ ಕರೆ ಮಾಡಬೇಕು.
* ವಿಡಿಯೋ ಭೇಟಿಗೆ ತಾಸಿಗೆ ಸುಮಾರು ಅರ್ಧ ಜಿಬಿಯಿಂದ ಒಂದೂವರೆ ಜಿಬಿವರೆಗೆ ಡೇಟಾ ಬೇಕಾಗಬಹುದು. ಆ ವೆಚ್ಚ ಕಕ್ಷಿದಾರರ ತಲೆಗೆ ಬರಬಾರದು.
* ಸಂಪರ್ಕ ದುರ್ಬಲವಾದರೆ ಚಿತ್ರ ಆರಿಸಿ ಧ್ವನಿ ಉಳಿಸಿಕೊಳ್ಳಬೇಕು. ಕಡಿದುಹೋದರೆ ಯಾರು ಯಾರಿಗೆ ಕರೆ ಮಾಡಬೇಕೆಂದು ಮೊದಲೇ ನಿಶ್ಚಯಿಸಬೇಕು.
* ಸಂಪರ್ಕ ತಪ್ಪಿದ್ದನ್ನು ಗೈರುಹಾಜರಿ ಎಂದು ಬರೆಯಬಾರದು.
* ದೀರ್ಘ ಭೇಟಿಯನ್ನು ತುಂಡರಿಸಿ ನಡುವೆ ಬಿಡುವು ಕೊಡಬೇಕು.
* ಮುಗಿದ ಮೇಲೆ ಮುಂದೇನು, ಯಾವ ದಿನ, ಯಾವ ದಾಖಲೆ ಎಂಬುದನ್ನು ಸರಳ ಕನ್ನಡದಲ್ಲಿ ಧ್ವನಿ ಸಂದೇಶವಾಗಿಯೋ ಕಾಗದದ ಮೇಲೋ ನೀಡಬೇಕು. ಯಾವುದು ಸುರಕ್ಷಿತವೆಂದು ಅವರನ್ನೇ ಕೇಳಬೇಕು.

ಸಹಾಯವಾಣಿಗಳು

ಉಚಿತ ಕಾನೂನು ನೆರವು: 15100
ಮಾನಸಿಕ ಆರೋಗ್ಯ (ಟೆಲಿ-ಮಾನಸ್): 14416
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಹಿರಿಯ ನಾಗರಿಕರು: 14567
ಸೈಬರ್ ವಂಚನೆ: 1930
ತುರ್ತು ನೆರವು: 112

ಇವೆಲ್ಲವೂ ಸಾಮಾನ್ಯ ದೂರವಾಣಿಯಿಂದಲೇ ಮಾಡಬಹುದಾದ ಕರೆಗಳು. ಸ್ಮಾರ್ಟ್‌ಫೋನ್ ಆಗಲೀ ಅಂತರ್ಜಾಲವಾಗಲೀ ಇದಕ್ಕೆ ಬೇಕಿಲ್ಲ. ವಿಡಿಯೋ ಸೌಲಭ್ಯ ಎಷ್ಟೇ ಬೆಳೆದರೂ ಈ ಸರಳ ದಾರಿಯನ್ನೂ, ಬಂದು ಕುಳಿತು ಮಾತನಾಡುವ ಹಳೆಯ ದಾರಿಯನ್ನೂ ಮುಚ್ಚಬಾರದು. ವಿಡಿಯೋ ಬೇಡವೆನ್ನುವ ಅವಕಾಶ ಇದ್ದಾಗ ಮಾತ್ರ ಒಬ್ಬ ವ್ಯಕ್ತಿಯ ಒಪ್ಪಿಗೆಗೆ ಅರ್ಥವಿರುತ್ತದೆ.